ಪಕ್ಷ ಎರಡಾದರೆ ನೀತಿ ಗಟ್ಟಿಯೇ?

ಬ್ರಿಟನ್ನಿನಂತೆ ಎರಡೇ ಪಕ್ಷಗಳಿದ್ದರೆ ಆರ್ಥಿಕ ನೀತಿ ಗಟ್ಟಿಯಾಗಿ ನಿಲ್ಲುತ್ತದೆ, ಮಂಡ್ಯದವರು ಮತ ಚೆದುರಿಸಿ ಕೆಟ್ಟರು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಮಾಡಿರುವ ವಾದವನ್ನು ಒಪ್ಪಲಾರೆ. ಬ್ರಿಟನ್ನಿನ ಉಕ್ಕಿನ ಕಥೆಯನ್ನೇ ನೋಡಿ: 1951ರಲ್ಲಿ ರಾಷ್ಟ್ರೀಕರಣ, ಎರಡೇ ವರ್ಷಕ್ಕೆ ಖಾಸಗಿಗೆ ಮರಳಿಸುವ ಕಾನೂನು, 1967ರಲ್ಲಿ ಮತ್ತೆ ಸರ್ಕಾರದ ಕೈಗೆ, 1988ರಲ್ಲಿ ಮತ್ತೆ ಮಾರಾಟ. ಸ್ಥಿರತೆ ಎಲ್ಲಿದೆ? ಹಲವು ಪಕ್ಷಗಳ ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಕಲ್ಯಾಣ ವ್ಯವಸ್ಥೆ ದಶಕಗಟ್ಟಲೆ ಉಳಿದುಬಂದಿದೆ.

2018ರ ವಿಧಾನಸಭಾ ಚುನಾವಣೆಯಲ್ಲಿ ಮಂಡ್ಯ ಜಿಲ್ಲೆಯ ಏಳೂ ಕ್ಷೇತ್ರ ಜೆಡಿಎಸ್‌ಗೆ ಹೋದವು. ಮತ ಚೆದುರಲೇ ಇಲ್ಲ. ಆದರೂ ನಿಂತುಹೋಗಿದ್ದ ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ 2020ರಲ್ಲಿ 40 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆಯಾಯಿತು. 2023ರಲ್ಲಿ ಶ್ರೀರಂಗಪಟ್ಟಣ, ನಾಗಮಂಗಲ ಕಾಂಗ್ರೆಸ್ಸನ್ನು ಆರಿಸಿದವು, ಕೆ.ಆರ್.ಪೇಟೆ ಜೆಡಿಎಸ್ಸನ್ನು, ಪಾಂಡವಪುರ ಸೇರಿದ ಮೇಲುಕೋಟೆ ಕ್ಷೇತ್ರ ಸರ್ವೋದಯ ಕರ್ನಾಟಕ ಪಕ್ಷವನ್ನು. ಹಿಂದೆ ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯನವರು ವಿಧಾನಸಭೆ ತಲುಪಿದ್ದು ಲೇಖಕರು ಹಳಿಯುವ ಇಂಥ ಚೆದುರಿದ ಮತದಿಂದಲೇ.

ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಯಾವ ಪಕ್ಷ ಬಂದರೂ ಬಾಕಿಗಾಗಿ ರೈತ ಬೀದಿಗಿಳಿಯುವುದೇಕೆ? ಲೇಖಕರು ಅದಕ್ಕೆ ಉತ್ತರ ಬರೆಯಲಿ.