ಎಫ್.ಸಿ. ಒಂದು ದಿನ, ಓಡಾಟ ವರ್ಷವೆಲ್ಲ

ಹುಣಸೂರು ಆರ್.ಟಿ.ಓ. ಕಚೇರಿಗೆ ಎಫ್.ಸಿ.ಗೆಂದು ಹೊರಡುವ ಗಾಡಿಗಳನ್ನು ಒಮ್ಮೆ ನೋಡಬೇಕು. ಮದುವೆ ಗಂಡಿನ ಹಾಗೆ ಸಿಂಗಾರವಾಗಿರುತ್ತವೆ. ಹೊಸ ಬಣ್ಣ, ಹಿಂದೆ ಮುಂದೆ ಮಿಂಚುವ ಪಟ್ಟಿ, ಒರೆಸಿ ಹೊಳಪು ಬರಿಸಿದ ಲೈಟು. ಟೈರು? ಅದು ಪಕ್ಕದ ಬೀದಿಯವನ ಗಾಡಿಯಿಂದ ಒಂದು ದಿನಕ್ಕೆ ಸಾಲ ತಂದದ್ದೂ ಇರಬಹುದು. ಸರ್ಟಿಫಿಕೇಟು ಕೈಗೆ ಬಂದ ಸಂಜೆಯೇ ಸವೆದ ಟೈರು ಮತ್ತೆ ಸ್ವಸ್ಥಾನಕ್ಕೆ. ಈ ಆಟ ಗೊತ್ತಿಲ್ಲದವರು ನಮ್ಮ ನಾಲ್ಕು ತಾಲ್ಲೂಕಲ್ಲಿ ಯಾರಿದ್ದಾರೆ ಸ್ವಾಮಿ?

ಕೆಎ-45 ನಂಬರು ಅಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯ ಗಾಡಿ. ಬಾಡಿಗೆ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಸ್ವಂತದ ಕಾರಾದರೆ 15 ವರ್ಷ ಅದರ ಆರೋಗ್ಯ ಕೇಳುವವರೇ ಇಲ್ಲ. ಅಲ್ಲಿಂದ ಮುಂದೆ ಐದೈದು ವರ್ಷಕ್ಕೆ ನವೀಕರಣ. ಆ ನವೀಕರಣಕ್ಕೆ 600 ರೂ. ಇದ್ದ ಫೀಸು 2022ರ ಏಪ್ರಿಲ್ 1ರಿಂದ 5,000 ರೂ. ಆಯಿತು. ಫೀಸು ಏರಿಸಿದರೆ ಹಳೇ ಗಾಡಿ ರಸ್ತೆ ಬಿಡುತ್ತದೆ ಅಂತ ದಿಲ್ಲಿಯವರ ಲೆಕ್ಕ. ನಮ್ಮಲ್ಲಿ ಹಳೇ ಗಾಡಿ ಹೈವೇ ಬಿಟ್ಟು ಹಳ್ಳಿ ರಸ್ತೆ ಹಿಡಿಯುತ್ತದೆ, ಅಷ್ಟೇ. 2021ರಲ್ಲಿ ಯಂತ್ರದಿಂದಲೇ ತಪಾಸಣೆ ಮಾಡುವ ಕೇಂದ್ರಗಳಿಗೂ ನಿಯಮ ಬಂತು. ಯಂತ್ರ ಲಂಚ ಕೇಳೋದಿಲ್ಲ, ಬ್ರೇಕಿನ ಹಿಡಿತವನ್ನು ಅಳೆದೇ ಹೇಳುತ್ತೆ, ಒಪ್ಪೋಣ. ಸಾಲದ ಟೈರಿನ ಗುಟ್ಟು ಅದಕ್ಕೂ ತಿಳಿಯದು.

ಇನ್ನು ಟ್ರ್ಯಾಕ್ಟರು. ನಮ್ಮ ರಸ್ತೆಗಳ ನಿಜವಾದ ದೊರೆ ಅದು. ಆದರೆ ಕೃಷಿ ಟ್ರ್ಯಾಕ್ಟರು ಕಾನೂನಿನ ಕಣ್ಣಿಗೆ ಸಾಗಣೆ ವಾಹನವೇ ಅಲ್ಲ. ಹೀಗಾಗಿ ಲಾರಿಗಿರುವ ವರ್ಷದ ಎಫ್.ಸಿ. ಕಾಟ ಅದಕ್ಕಿಲ್ಲ. ಕೆ.ಆರ್.ನಗರ, ಸಾಲಿಗ್ರಾಮದ ಕಡೆ ಸುಗ್ಗಿಯಲ್ಲಿ ಭತ್ತದ ಹುಲ್ಲು ಹೇರಿದ ಟ್ರೈಲರು ಸಂಜೆಗತ್ತಲಲ್ಲಿ ಹೋಗುವುದನ್ನು ಹಿಂದಿನಿಂದ ನೋಡಿ. ಹಿಂದಿನ ಲೈಟು ಇಲ್ಲ, ಇದ್ದರೂ ಹುಲ್ಲಿನೊಳಗೆ ಮುಚ್ಚಿಹೋಗಿರುತ್ತೆ. ಬೈಕಿನವನಿಗೆ ಅದು ಕಾಣುವುದು ಹತ್ತು ಮಾರು ದೂರಕ್ಕೆ ಬಂದಾಗ. ಟ್ರೈಲರಿಗೆ ಬ್ರೇಕು, ಕೊಂಡಿಗೆ ಸರಿಯಾದ ಪಿನ್ನು ಇದೆಯೋ ಎಂಬುದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಅಪಘಾತ ಆದ ಮರುದಿನ ಊರಲ್ಲಿ ಒಂದೇ ಮಾತು: "ಬ್ರೇಕ್ ಫೇಲ್ ಆಗೋಯ್ತಂತೆ." ಸಿಡಿಲು ಬಡಿದ ಹಾಗೆ ಬ್ರೇಕು ಒಂದು ಗಳಿಗೆಯಲ್ಲಿ ಸಾಯುವುದು ಅಪರೂಪ. ಅದು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಕೂಗಿ ಹೇಳಿರುತ್ತದೆ. ಪ್ಯಾಡು ಸವೆದಾಗ ಕೀಚು ಸದ್ದು, ಪೂರಾ ಸವೆದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ. ಪೆಡಲು ಒತ್ತಿದರೆ ಹಸಿ ಮಣ್ಣಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗಾಗುವುದು. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿಯುವುದು. ಒತ್ತಿದಾಗ ಗಾಡಿ ಒಂದೇ ಕಡೆಗೆ ಎಳೆಯುವುದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತೆ, ಅದಕ್ಕೇ ಎರಡು ವರ್ಷಕ್ಕೊಮ್ಮೆಯಾದರೂ ಪೂರಾ ಬದಲಾಯಿಸಬೇಕು. ಊರೊಳಗೆ ಓಡಿಸುವಾಗ ಈ ದೋಷ ಗೊತ್ತೇ ಆಗೋಲ್ಲ. ಹತ್ತು ಜನರನ್ನು ತುಂಬಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆಂದು ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ಗೊತ್ತಾಗುತ್ತೆ. ಒತ್ತಿ ಒತ್ತಿ ಆಯಿಲ್ ಕಾದು, ಒಳಗಿನ ನೀರು ಆವಿಯಾಗಿ, ಪೆಡಲು ನೆಲ ಮುಟ್ಟುತ್ತದೆ. ಹಿಂದಿನ ಸೀಟಿನವರು ಆಗ ದೇವರನ್ನು ಅಲ್ಲಿಂದಲೇ ಕಾಣಬೇಕು.

ಡ್ರೈವರುಗಳಿಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ನಮ್ಮ ಕಡೆಯ ಗ್ಯಾರೇಜುಗಳ ಮುಂದೆ ಕೇಳಿಬರುವ ಮಾತು ಹೀಗಿರುತ್ತದೆ:

"ಅಣ್ಣೋ, ಮುಂದಿನ ಚಕ್ರದಲ್ಲಿ ಗುಂಯ್ ಅಂತ ಅದೆ."

"ಬೇರಿಂಗ್ ಕಣಪ್ಪ, ಬುಟ್ಟೋಗು, ಸಾಯಂಕಾಲ ಕೊಡ್ತೀನಿ."

"ಇವತ್ತು ಲೋಡ್ ಅದೆ. ಸೀಸನ್ ಮುಗೀಲಿ ಬುಡು."

ಈ 'ಸೀಸನ್ ಮುಗೀಲಿ' ಎಂಬ ಮಾತಿನಲ್ಲೇ ನಮ್ಮ ಸೀಮೆಯ ಲೆಕ್ಕಾಚಾರ ಪೂರಾ ಅಡಗಿದೆ. ಮಳೆಗಾಲದಲ್ಲಿ ಹೊಗೆಸೊಪ್ಪು ಮುರಿದು ಬ್ಯಾರನ್‌ಗೆ ಹಾಕುವುದು, ಅದಕ್ಕೆ ಸೌದೆ ಸಾಗಿಸುವುದು. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಎಚ್.ಡಿ.ಕೋಟೆ ಹರಾಜು ಕಟ್ಟೆಗಳಿಗೆ ಬೇಲು ಹೊರುವುದು. ಗಾಡಿಗೆ ಅತಿ ಹೆಚ್ಚು ಭಾರ ಬೀಳುವುದು ಆಗಲೇ, ಗ್ಯಾರೇಜಿಗೆ ಬಿಡಲು ಪುರುಸೊತ್ತಿಲ್ಲದ್ದೂ ಆಗಲೇ. ಪಿಕಪ್ ಗಾಡಿಯ ಸಾಲದ ಕಂತು ತಿಂಗಳು ತಿಂಗಳೂ ಬರುತ್ತದೆ. ರೈತನ ದುಡ್ಡು ಹರಾಜಾದ ಮೇಲೆ ಬರುತ್ತದೆ. ಡ್ರೈವರಿನ ಬಾಡಿಗೆ ಅದಕ್ಕೂ ಆಮೇಲೆ. ಒಂದು ದಿನ ಗಾಡಿ ನಿಂತರೆ ಆ ದಿನದ ಅನ್ನ ನಿಂತಂತೆ. ಹಾಗಾಗಿ ಬೇರಿಂಗ್ ಗುಂಯ್‌ಗುಟ್ಟುತ್ತಲೇ ಇರುತ್ತದೆ, ಒಂದು ದಿನ ಚಕ್ರವೇ ಕಳಚುವವರೆಗೆ. ಡ್ರೈವರನ್ನು ಬೈದು ಸುಮ್ಮನಾಗುವವರು ಈ ಕಂತಿನ ಕತೆಯನ್ನೂ ನೋಡಲಿ.

ಆದರೂ ಕಾಸಿಲ್ಲದೆ ಆಗುವ ಕೆಲಸ ಬಹಳ ಇದೆ. ಬೆಳಿಗ್ಗೆ ಗಾಡಿ ತೆಗೆದ ಮೇಲೆ ನಿಂತಿದ್ದ ಜಾಗ ನೋಡಿ. ಬರೀ ನೀರಾದರೆ ಎ.ಸಿ.ಯದು, ಬಿಡಿ. ಹಸಿರೋ ಗುಲಾಬಿಯೋ ಬಣ್ಣದ್ದಾದರೆ ಕೂಲೆಂಟ್ ಸೋರುತ್ತಿದೆ. ಕಪ್ಪು ಕಲೆಯಾದರೆ ಇಂಜಿನ್ ಆಯಿಲ್. ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಬಂದರೆ ಹಲವು ಸಲ ಏರ್ ಫಿಲ್ಟರಿನಲ್ಲಿ ನಮ್ಮೂರ ಧೂಳು ತುಂಬಿದೆ ಅಂತ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಬಿಳಿ ಹೊಗೆ ಚಳಿಗಾಲದ ಬೆಳಿಗ್ಗೆ ಸಹಜ. ಇಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ. ಆಯಿಲ್ ಕ್ಯಾನಿನ ಚಿತ್ರದ ಕೆಂಪು ದೀಪ ಹತ್ತಿತೋ, 'ಮುಂದಿನ ಬಂಕಿನವರೆಗೆ ಹೋಗೋಣ' ಅನ್ನಬೇಡಿ. ಇಂಜಿನ್‌ಗೆ ಆಯಿಲ್ ಒತ್ತಡ ಇಲ್ಲ ಅಂತ ಅರ್ಥ. ಅಲ್ಲೇ ಆಫ್ ಮಾಡಿ. ಟೈರಿನ ಗೀರು ಕಾರಿಗೆ 1.6 ಮಿ.ಮೀ. ಆದರೂ ಇರಬೇಕೆಂದು ನಿಯಮ. ಒಂದೇ ಅಂಚು ಸವೆದಿದ್ದರೆ ತಪ್ಪು ಟೈರಿನದಲ್ಲ, ಅಲೈನ್‌ಮೆಂಟಿನದು.

ಇದನ್ನು ಅಂತರಸಂತೆ, ಬಳ್ಳೆ ದಾಟಿ ಬಾವಲಿಗೆ ಹೋಗುವವರು, ವೀರನಹೊಸಹಳ್ಳಿ ಮೇಲೆ ನಾಗರಹೊಳೆಯೊಳಗೆ ಕುಟ್ಟಕ್ಕೆ ಹೋಗುವವರು ಎರಡು ಸಲ ಓದಲಿ. ಆ ರಸ್ತೆಗಳು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ನಾಲ್ಕೂವರೆಗೆ ಗೇಟು ಹೊಕ್ಕು ನಡುಕಾಡಿನಲ್ಲಿ ರೇಡಿಯೇಟರಿನ ಹೋಸ್ ಒಡೆದರೆ, ಕೆಳಗೆ ಇಳಿಯುವಂತಿಲ್ಲ, ಒಳಗೆ ಕೂರುವಂತಿಲ್ಲ. ಆನೆಗೆ ಇನ್ಶೂರೆನ್ಸ್ ಕಾಗದ ತೋರಿಸೋದಕ್ಕಾಗುತ್ತಾ? ಹಳೇ ಹೋಸ್ ಬೆರಳಲ್ಲಿ ಒತ್ತಿದರೇ ಬಿರುಕು ಕಾಣುತ್ತದೆ. ಹೊರಡುವ ಮುಂಚೆ, ಇಂಜಿನ್ ತಣ್ಣಗಿರುವಾಗ, ಎರಡು ನಿಮಿಷದ ಕೆಲಸ.

ನಮ್ಮ ಜನಕ್ಕೆ ಗಾಡಿಯ ಮೇಲೆ ಭಕ್ತಿ ಇಲ್ಲವೆಂದು ಯಾರೂ ಹೇಳಲಾರರು. ಆಯುಧಪೂಜೆ ದಿನ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸುತ್ತಾರೆ. (ಒಡೆದ ಕುಂಬಳಕಾಯಿಯನ್ನು ರಸ್ತೆಯಿಂದ ತೆಗೆಯುವ ಭಕ್ತಿ ಮಾತ್ರ ಇಲ್ಲ; ಅದರ ಮೇಲೆ ಬೈಕು ಜಾರುತ್ತದೆ.) ಹರಾಜಿನ ಸೀಸನ್ ಬಿರುಸಾಗುವುದೂ ಆ ಹೊತ್ತಿಗೇ. ಅವತ್ತು ಹೇಗೂ ಗಾಡಿಯ ಅಡಿಯವರೆಗೂ ನೀರು ಹೊಡೆದು ತೊಳೆಯುತ್ತೀರಿ. ತೊಳೆದ ಮೇಲೆ ಟಾರ್ಚು ಹಾಕಿ ಒಂದು ಸಲ ಬಗ್ಗಿ ನೋಡಿ. ಕೆಸರು ಹೋದಾಗಲೇ ಸೋರಿಕೆ ಕಾಣುವುದು.

ಆರ್.ಟಿ.ಓ.ದವರಿಗೂ ಒಂದು ಮಾತು. ಹೆದ್ದಾರಿಯಲ್ಲಿ ನಿಂತು ದಂಡ ಹಾಕುವುದು ಇದ್ದದ್ದೇ. ಹರಾಜು ಶುರುವಾಗುವ ಹದಿನೈದು ದಿನ ಮೊದಲು, ತಂಬಾಕು ಮಂಡಳಿಯವರನ್ನು ಜೊತೆಗೆ ಕರೆದುಕೊಂಡು ಹರಾಜು ಕಟ್ಟೆಗಳಲ್ಲೇ ಒಂದೊಂದು ದಿನ ಕ್ಯಾಂಪು ಮಾಡಲಿ. ಇಬ್ಬರು ಮೆಕ್ಯಾನಿಕ್‌ಗಳು, ಒಂದು ಜಾಕು, ಒಂದು ಮೂಟೆ ಮಿಂಚುವ ಪಟ್ಟಿ ಸಾಕು. ದಂಡದ ಪುಸ್ತಕ ಅವತ್ತು ಕಚೇರಿಯಲ್ಲೇ ಇರಲಿ, ಇಲ್ಲದಿದ್ದರೆ ಒಬ್ಬನೂ ಹತ್ತಿರ ಸುಳಿಯೋಲ್ಲ. ಶುರು ಮಾಡುವುದಾದರೆ ಟ್ರೈಲರುಗಳ ಹಿಂಬದಿಯಿಂದ ಶುರು ಮಾಡಲಿ.