ಭಾರವಿಲ್ಲದ ಟ್ಯಾಂಕು



ಈ ಸಲ ಅಡುಗೆಮನೆ ಬಿಟ್ಟು ರಣರಂಗದ ಮಾತಿಗೆ ಹೊರಟಿದ್ದೇನೆ, ಗಾಬರಿಯಾಗಬೇಡಿ. ನಿಮ್ಮಲ್ಲಿ ಕೆಲವರು ಪ್ಲಾಸ್ಟಿಕ್ ಕಿಟ್ ತಂದು ಟ್ಯಾಂಕು, ವಿಮಾನ ಜೋಡಿಸುತ್ತೀರಂತೆ. ನಿಮ್ಮ ತಾಯಂದಿರೇ ಹೇಳಿದ್ದು. ಊಟದ ಮೇಜಿನ ತುಂಬ ಅಂಟು ಎಂಬ ದೂರಿನ ಸಮೇತ!

ನನ್ನ ಮಗನಿಗೂ ಒಂಬತ್ತನೇ ತರಗತಿಯಲ್ಲಿ ಈ ಹುಚ್ಚು ಹಿಡಿದಿತ್ತು. ಅವನು 1/35 ಪ್ರಮಾಣದ ಸೆಂಚುರಿಯನ್ ಟ್ಯಾಂಕು ಮಾಡಿದ. ಅದಕ್ಕೆ ಕಾರಣವಿತ್ತು. 1950ರ ಅಕ್ಟೋಬರ್ 14ರಂದು ನಮ್ಮ ಪುಣೆಯಲ್ಲೇ ಹುಟ್ಟಿದ ಅರುಣ್ ಖೇತರ್‌ಪಾಲ್, 1971ರ ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ ಹೋರಾಡಿದ್ದು ಸೆಂಚುರಿಯನ್ನಿನಲ್ಲೇ. ಪೂನಾ ಹಾರ್ಸ್ ದಳದ ಆ ಟ್ಯಾಂಕಿನ ಹೆಸರು ಫಾಮಾಗುಸ್ತಾ. ಬೆಂಕಿ ಹತ್ತಿದ ಟ್ಯಾಂಕು ಬಿಟ್ಟು ಬಾ ಎಂದರೂ, ತೋಪು ಇನ್ನೂ ಕೆಲಸ ಮಾಡುತ್ತಿದೆ ಎಂದು ಇಳಿಯದೆ ಪ್ರಾಣ ಕೊಟ್ಟ ಆ ಹುಡುಗನಿಗೆ ಆಗ 21 ವರ್ಷ. ಪರಮವೀರ ಚಕ್ರ ಬಂದದ್ದು ಮರಣಾನಂತರ.

ಮಗ ಟ್ಯಾಂಕನ್ನು ಮೇಲಿನ ಮನೆಯ ಕಾಕಾ ಅವರಿಗೆ ತೋರಿಸಲು ಒಯ್ದ. ಗದಗದ ಕಡೆಯವರು, ಸೈನ್ಯದಲ್ಲಿ ಟ್ಯಾಂಕು ಓಡಿಸಿ ನಿವೃತ್ತರಾದವರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ತಮ್ಮಾ, ಎಲ್ಲಾ ಛಲೋ ಅದ. ಆದ್ರ ನಿನ್ನ ಗಾಡಿಗೆ ಭಾರನ ಇಲ್ಲಲ್ಲೋ" ಅಂದರು.

ತಪ್ಪಿದ್ದದ್ದು ಟ್ರ್ಯಾಕಿನಲ್ಲಿ, ಅಂದರೆ ಚಕ್ರಗಳ ಸುತ್ತ ಓಡುವ ಉಕ್ಕಿನ ಕೊಂಡಿಗಳ ಪಟ್ಟಿಯಲ್ಲಿ. ನಿಜವಾದ ಸೆಂಚುರಿಯನ್ ಸುಮಾರು 50 ಟನ್ ತೂಗುತ್ತದೆ. ಅದರ ಪಟ್ಟಿಯ ಅಗಲವೇ ಸುಮಾರು 61 ಸೆಂ.ಮೀ.; ಮಾದರಿಯಲ್ಲಿ ಅದು 17 ಮಿ.ಮೀ. ಆಗುತ್ತದೆ. ಅಳತೆಯನ್ನು ಕುಗ್ಗಿಸಬಹುದು, ಭಾರವನ್ನು ಕುಗ್ಗಿಸಿ ತೋರಿಸುವುದು ಹೇಗೆ? ಕಿಟ್ಟಿನ ರಬ್ಬರಿನಂಥ ಪಟ್ಟಿ ಬಳೆಯ ಹಾಗೆ ಬಿಗಿಯಾಗಿ ನಿಂತುಬಿಡುತ್ತದೆ.

ಕಾಕಾ ಸೈಕಲ್ಲಿನ ಉದಾಹರಣೆ ಕೊಟ್ಟರು. ಪೆಡಲ್ ತುಳಿದಾಗ ಚೈನಿನ ಮೇಲ್ಭಾಗ ಬಿಗಿ, ಕೆಳಭಾಗ ಸಡಿಲ. ಸೆಂಚುರಿಯನ್ನಿನಲ್ಲಿ ಪಟ್ಟಿಯನ್ನು ಎಳೆಯುವ ಹಲ್ಲಿನ ಚಕ್ರ ಹಿಂಬದಿಗಿದೆ. ಮುಂದೆ ಹೋಗುವಾಗ ಅದು ಪಟ್ಟಿಯನ್ನು ನೆಲದ ಕಡೆಯಿಂದ ಎಳೆದುಕೊಳ್ಳುವುದರಿಂದ ಕೆಳಗೆ ಬಿಗಿ, ಮೇಲೆ ಸಡಿಲ. ಮೇಲಿನ ಭಾಗ ಸಣ್ಣ ಉರುಳೆಗಳ ನಡುವೆ ಸ್ವಲ್ಪ ಜೋತುಬೀಳುತ್ತದೆ. ಟಿ-55 ಟ್ಯಾಂಕಿಗೆ ಆ ಉರುಳೆಗಳೇ ಇಲ್ಲ. ಅಲ್ಲಿ ಪಟ್ಟಿ ದೊಡ್ಡ ಚಕ್ರಗಳ ಮೇಲೆಯೇ ಒರಗುತ್ತದೆ. ಹಾಗಾಗಿ ಮಗ ಕಪ್ಪು ದಾರದಿಂದ ಪಟ್ಟಿಯನ್ನು ಅಲ್ಲಲ್ಲಿ ಕೆಳಕ್ಕೆ ಕಟ್ಟಿ, ಒಂದೊಂದು ಹನಿ ಅಂಟು ಹಾಕಿದ. ಬಿಡಿ ಕೊಂಡಿಗಳ ಟ್ರ್ಯಾಕೂ ಸಿಗುತ್ತದೆ. ತಾಳ್ಮೆಯಿದ್ದರೆ ಅದೇ ಉತ್ತಮ.

ಇನ್ನು ಬಣ್ಣ. ಮಗ ಪಟ್ಟಿಗೆ ಪೂರ್ತಿ ಬೆಳ್ಳಿ ಬಣ್ಣ ಬಳಿದಿದ್ದ. ಇಲ್ಲಿ ನನ್ನ ಪಾಂಡಿತ್ಯವೂ ಕೆಲಸಕ್ಕೆ ಬಂತು! ನಮ್ಮ ಹಳೆಯ ಈಳಿಗೆಯನ್ನು ತಂದು ತೋರಿಸಿದೆ. ದಿನವೂ ತರಕಾರಿ ತಾಗುವ ಅಂಚು ಫಳಫಳ, ಉಳಿದದ್ದೆಲ್ಲ ಕಂದುಗಪ್ಪು. ಟ್ರ್ಯಾಕೂ ಹಾಗೆಯೇ. ನೆಲಕ್ಕೆ ಒತ್ತುವ ಉಬ್ಬುಗಳು, ಚಕ್ರ ಉಜ್ಜುವ ಒಳಭಾಗ ಹೊಳೆಯುತ್ತವೆ. ತಗ್ಗುಗಳಲ್ಲಿ ತುಕ್ಕು, ಮಣ್ಣು. ಮೊದಲು ಕಂದುಗಪ್ಪು ಬಳಿಯಿರಿ. ಒಣಗಿದ ಮೇಲೆ ತೆಳುವಾದ ಕಂದು ನೀರನ್ನು ತಗ್ಗುಗಳಿಗೆ ಬಿಡಿ. ಕೊನೆಗೆ 6ಬಿ ಪೆನ್ಸಿಲನ್ನು ಉಬ್ಬುಗಳ ಮೇಲಷ್ಟೇ ಉಜ್ಜಿ. ಉಕ್ಕಿನ ಮಿನುಗು ತಾನಾಗಿ ಬರುತ್ತದೆ.

ಕೆಸರಿಗೆಂದು ಮಗ ಕುಂಡದ ಕರಿಮಣ್ಣು ಜರಡಿ ಹಿಡಿದ. ಕಾಕಾ ಕೈ ತಡೆದರು. "ಅಲ್ಲಿ ಮಣ್ಣು ಕರೀದಲ್ಲಪ್ಪಾ." ಬೂದುಗಂದು ಬಣ್ಣದ ಮಣ್ಣು ಹುಡುಕಿ ಫೆವಿಕಾಲಿನಲ್ಲಿ ಕಲಸಿ, ಟ್ರ್ಯಾಕಿಗಷ್ಟೇ ಅಲ್ಲದೆ ಚಕ್ರಗಳಿಗೂ ಹೊಟ್ಟೆಯ ಅಡಿಗೂ ಹಚ್ಚಿದರು. ಹಲಗೆಯ ಮೇಲಿನ ಪ್ಲಾಸ್ಟರ್ ಹಸಿಯಿರುವಾಗಲೇ ಟ್ಯಾಂಕನ್ನು ಒತ್ತಿ ನಿಲ್ಲಿಸಿದರು. ಆಗ ಅದು ನೆಲದಲ್ಲಿ ಹೂತು ನಿಂತಿತು, ಭಾರ ಬಂತು.

ಕೆಲಸದ ನಡುವೆ ಕಾಕಾ ತಾವಾಗಿಯೇ ಬಾಯಿಬಿಟ್ಟರು. 1971ರಲ್ಲಿ, ಪಶ್ಚಿಮದ ಗಡಿಯಲ್ಲಿ ಒಂದು ರಾತ್ರಿ ಅವರ ಟ್ಯಾಂಕಿನ ಟ್ರ್ಯಾಕು ಕಳಚಿತಂತೆ. ಟ್ರ್ಯಾಕಿಲ್ಲದ ಟ್ಯಾಂಕು ಕದಲಲಾರದು. ದೀಪ ಹಚ್ಚುವ ಹಾಗಿಲ್ಲ. ನಾಲ್ವರೂ ಕೆಳಗಿಳಿದು ಕತ್ತಲಲ್ಲಿ ಹಾರೆ ಹಾಕಿ ಮೀಟುತ್ತಿದ್ದಾಗ ಬಿದ್ದ ಶೆಲ್ಲಿಗೆ ಜೊತೆಗಾರನೊಬ್ಬ ಹೋದನಂತೆ. ಇಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದೆವು; ಸಂಕ್ರಾಂತಿಗೆ ಎಳ್ಳು ಕೊಟ್ಟೆವು, ಗಣಪತಿಗೆ ಕರೆದೆವು. ಈ ಮಾತು ನಮಗೆ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ. ಹದಿನಾಲ್ಕು ವರ್ಷದ ಹುಡುಗ, ಪಟ್ಟಿ ಎಷ್ಟು ಜೋಲಬೇಕು ಎಂದು ಕೇಳಿದ, ಅವರು ಹೇಳಿದರು.

ಮಕ್ಕಳೇ, ಕಿಟ್ಟಿನ ಜೊತೆ ಬರುವ ಕಾಗದದಲ್ಲಿ ಎಲ್ಲವೂ ಇರುವುದಿಲ್ಲ. ರಜೆಯಲ್ಲಿ ಅಹ್ಮದ್‌ನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ ಹೋಗಿ ಬನ್ನಿ. ಇಲ್ಲಿಂದ ಸುಮಾರು 120 ಕಿ.ಮೀ. 1994ರಲ್ಲಿ ಆರಂಭವಾದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂನಲ್ಲಿ ಸೆಂಚುರಿಯನ್ ಇದೆ. ಪಕ್ಕದಲ್ಲಿ ನಿಂತು ಒಂದು ಕೊಂಡಿಯ ದಪ್ಪ ನೋಡಿ. ಆದರೆ ಪ್ರದರ್ಶನದ ಟ್ಯಾಂಕಿಗೆ ಮೇಲಿಂದ ಮೇಲೆ ಬಣ್ಣ ಬಳಿದಿರುತ್ತಾರೆ. ಓಡುವಾಗ ಅದು ಹೇಗಿತ್ತು ಎಂಬುದನ್ನು ಓಡಿಸಿದವರೇ ಹೇಳಬೇಕು. ಅಂಥವರು ನಿಮ್ಮ ಮೇಲಿನ ಮನೆಯಲ್ಲೇ ಇರಬಹುದು. ಹೋಗಿ ಕೇಳಿ, ಕನ್ನಡದಲ್ಲೇ ಕೇಳಿ.

ಮಗನ ಟ್ಯಾಂಕು ಈಗ ಕಾಕಾ ಅವರ ಶೋಕೇಸಿನಲ್ಲಿದೆ. ವಾರಕ್ಕೊಮ್ಮೆ ಧೂಳು ಒರೆಸುತ್ತಾರೆ. ಟ್ರ್ಯಾಕಿನ ಮಣ್ಣನ್ನು ಮಾತ್ರ ಮುಟ್ಟುವುದಿಲ್ಲ.