ಸವಿನುಡಿ ಕಳಿಸುವ ಬಾಟ್ ಮತ್ತು ಕಟ್ಟುವವರ ಹೊಣೆ

ಮೊದಲೇ ಬರೆದಿಟ್ಟ ಸೂಚನೆಗಳಂತೆ ಸಾಮಾಜಿಕ ಜಾಲತಾಣದಲ್ಲಿ ತಾನಾಗಿಯೇ ಸಂದೇಶಗಳನ್ನು ಪ್ರಕಟಿಸುವ ಪುಟ್ಟ ತಂತ್ರಾಂಶವನ್ನು ಬಾಟ್ ಎನ್ನುತ್ತಾರೆ. ಸುಳ್ಳು ಸುದ್ದಿ ಹರಡಲು ಮತ್ತು ಕೃತಕ ಜನಾಭಿಪ್ರಾಯ ಹುಟ್ಟಿಸಲು ಬಳಕೆಯಾಗಿ ಕೆಟ್ಟ ಹೆಸರು ಪಡೆದಿರುವ ಇದೇ ತಂತ್ರದಿಂದ ಜನರಿಗೆ ನಾಲ್ಕು ಒಳ್ಳೆಯ ಮಾತು ತಲುಪಿಸಿದವರೂ ಇರುವುದರಿಂದ, ಅಂಥ ಪ್ರಯತ್ನಗಳನ್ನು ಮಕ್ಕಳಾಟವೆಂದು ತಳ್ಳಿಹಾಕದೆ ಅವುಗಳ ಗುಣದೋಷಗಳನ್ನು ಪರಿಶೀಲಿಸುವುದು ಅಗತ್ಯ.

ಲೇಖಕ ಜಾನಿ ಸನ್ 2016ರಲ್ಲಿ ಟ್ವಿಟರ್‌ನಲ್ಲಿ ಆರಂಭಿಸಿದ ‘ಟೈನಿ ಕೇರ್ ಬಾಟ್’ ಇದಕ್ಕೊಂದು ನಿದರ್ಶನ. ನೀರು ಕುಡಿಯಲು, ಮೈ ಸಡಿಲಿಸಲು, ತುಸು ಹೊತ್ತು ಪರದೆಯಿಂದ ಕಣ್ಣು ತೆಗೆಯಲು ವಿನಯದಿಂದ ನೆನಪಿಸುತ್ತಿದ್ದ ಆ ಬಾಟ್‌ನಲ್ಲಿ ದೊಡ್ಡ ಜಾಣ್ಮೆಯೇನೂ ಅಡಗಿರಲಿಲ್ಲ. ದಿನವಿಡೀ ಜಗಳ ಹರಿಯುವ ಕಡೆಯಲ್ಲಿ ಏನನ್ನೂ ಮಾರದ, ಯಾರನ್ನೂ ಹಳಿಯದ ಮಾತೊಂದು ಆಗಾಗ ಕಾಣಿಸುವುದೇ ಅದರ ಬೆಲೆಯಾಗಿತ್ತು.

ಅದೇ 2016ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಟ್ವಿಟರ್‌ಗೆ ಬಿಟ್ಟ ‘ಟೇ’ ಎಂಬ ಬಾಟ್, ಬಳಕೆದಾರರ ಮಾತಿನಿಂದಲೇ ಕಲಿಯುವಂತೆ ರೂಪುಗೊಂಡಿದ್ದರಿಂದ, ಕಿಡಿಗೇಡಿಗಳು ಕಲಿಸಿದ ಜನಾಂಗೀಯ ನಿಂದನೆಗಳನ್ನು ಆಡತೊಡಗಿ, ಒಂದು ದಿನ ಕಳೆಯುವುದರೊಳಗೆ ಸ್ಥಗಿತಗೊಂಡಿತು. ಯಂತ್ರ ಯಾರಿಂದ, ಯಾವ ಮಿತಿಯಲ್ಲಿ ಮಾತು ಪಡೆಯಬೇಕೆಂಬುದನ್ನು ಕಟ್ಟುವವರು ಮೊದಲೇ ನಿರ್ಧರಿಸದಿದ್ದರೆ ಸದುದ್ದೇಶವೊಂದೇ ಕಾಪಾಡಲಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸವಿನುಡಿ ಕಳಿಸುವ ಬಾಟ್‌ಗೆ ದುಬಾರಿ ಕೃತಕ ಬುದ್ಧಿಮತ್ತೆ ಬೇಕಿಲ್ಲ. ಕೇಟ್ ಕಾಂಪ್ಟನ್ ರೂಪಿಸಿದ ‘ಟ್ರೇಸರಿ’ ಎಂಬ ಸಾಧನದಲ್ಲಿ ವಾಕ್ಯದ ಚೌಕಟ್ಟಿನೊಳಗೆ ಖಾಲಿ ಸ್ಥಾನಗಳನ್ನು ಬಿಟ್ಟು, ಪ್ರತಿಯೊಂದಕ್ಕೂ ಪದಗಳ ಪಟ್ಟಿ ಕೊಟ್ಟರೆ, ಯಂತ್ರವು ಯಾದೃಚ್ಛಿಕವಾಗಿ, ಅಂದರೆ ನಿಶ್ಚಿತ ಕ್ರಮವಿಲ್ಲದೆ, ಪದಗಳನ್ನು ಆಯ್ದು ಹೊಸ ಹೊಸ ವಾಕ್ಯಗಳನ್ನು ಹೆಣೆಯುತ್ತದೆ. ಕನ್ನಡದಲ್ಲಿ ಈ ಕೆಲಸಕ್ಕೆ ಹೆಚ್ಚಿನ ಎಚ್ಚರ ಬೇಕು. ಹೆಸರಿನ ಮುಂದೆ ‘ಗೆ’ ಎಂಬ ಪ್ರತ್ಯಯವನ್ನು ಹಾಗೆಯೇ ಅಂಟಿಸಿದರೆ ‘ಸೀತೆಗೆ’ ಎಂಬುದು ಸರಿಹೋದರೂ, ರಾಮನ ವಿಷಯದಲ್ಲಿ ನಡುವೆ ‘ನಿ’ ಸೇರಬೇಕಾಗುತ್ತದೆ, ಮತ್ತು ಅಪರಿಚಿತ ಹಿರಿಯರನ್ನು ‘ನೀನು’ ಎಂದು ಸಂಬೋಧಿಸುವ ಸಂದೇಶ ಎಷ್ಟೇ ಸಿಹಿಯಾಗಿದ್ದರೂ ಒರಟೆನಿಸುತ್ತದೆ.

ಭಾಷೆಯ ಶಿಷ್ಟಾಚಾರದಷ್ಟೇ ನಡವಳಿಕೆಯ ಶಿಷ್ಟಾಚಾರವೂ ಮುಖ್ಯ. ಹಲವು ಬಾಟ್‌ಗಳನ್ನು ಕಟ್ಟಿದ ಅಮೆರಿಕದ ಡೇರಿಯಸ್ ಕಜೇಮಿ, ಕೇಳಿಕೊಳ್ಳದವರ ಹೆಸರನ್ನು ಉಲ್ಲೇಖಿಸಿ ಬಾಟ್ ಸಂದೇಶ ಕಳಿಸಬಾರದೆಂಬ ನಿಯಮವನ್ನು 2013ರಲ್ಲಿಯೇ ಮುಂದಿಟ್ಟರು. ನಿಂದನೆಯ ಪದಗಳು ನುಸುಳದಂತೆ ತಡೆಯುವ ಸೋಸುಕವನ್ನೂ ಸಿದ್ಧಪಡಿಸಿ ಇತರರಿಗೆ ಮುಕ್ತವಾಗಿ ಕೊಟ್ಟರು. ಒಪ್ಪಿಗೆಯಿಲ್ಲದೆ ಬರುವ ಹಿತನುಡಿ ಎಷ್ಟು ಸೊಗಸಾಗಿದ್ದರೂ ಕಿರುಕುಳವೇ ಆಗಿರುವುದರಿಂದ ಈ ನಿಯಮವನ್ನು ಎಲ್ಲಕ್ಕಿಂತ ಮೇಲಿಡಬೇಕು.

ಬಾಟ್ ತಾನು ಯಂತ್ರವೆಂಬುದನ್ನು ಮರೆಮಾಚಬಾರದೆಂಬುದು ಇನ್ನೊಂದು ಕಟ್ಟಲೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ವಿವರಿಸಿದ ‘ಎಲೈಜಾ’ ಎಂಬ ತಂತ್ರಾಂಶ ಆಪ್ತಸಲಹೆಗಾರರಂತೆ ನಟಿಸುತ್ತ, ಮುಖ್ಯವಾಗಿ ಎದುರಿನವರ ಮಾತನ್ನೇ ಪ್ರಶ್ನೆಯಾಗಿ ಹಿಂತಿರುಗಿಸುತ್ತಿತ್ತು. ಅಷ್ಟಕ್ಕೇ ಜನರು ಅದರ ಮುಂದೆ ಅಂತರಂಗ ತೆರೆದಿಟ್ಟದ್ದನ್ನು ಕಂಡು ಕಳವಳಗೊಂಡ ಅವರು, ಮನುಷ್ಯನ ವಿವೇಕ ಬೇಕಾದ ಕೆಲಸಗಳನ್ನು ಗಣಕಯಂತ್ರಕ್ಕೆ ಒಪ್ಪಿಸುವುದರ ವಿರುದ್ಧ 1976ರಲ್ಲಿ ಪುಸ್ತಕವನ್ನೇ ಬರೆದರು. ಮಾಸ್ಟೊಡಾನ್ ಜಾಲತಾಣದಲ್ಲಿ ಖಾತೆಯು ಸ್ವಯಂಚಾಲಿತವೆಂದು ಗುರುತು ಹಾಕಿಕೊಳ್ಳುವ ಸೌಲಭ್ಯವಿದೆ. ಪ್ರತಿಯೊಬ್ಬ ನಿರ್ಮಾಪಕರೂ ಅದನ್ನು ಬಳಸಬೇಕು.

ಯಂತ್ರಕ್ಕೆ ಕರುಣೆಯಿಲ್ಲ, ಸಂದೇಶದಲ್ಲಿ ಕಾಣುವ ಕರುಣೆಯೆಲ್ಲ ಅದನ್ನು ಬರೆದ ಮನುಷ್ಯರದು, ಆದ್ದರಿಂದ ಅದರ ಹೊಣೆಯೂ ಅವರದೇ. ಕನ್ನಡದಲ್ಲಿ ಇಂಥ ಬಾಟ್ ಕಟ್ಟಲು ಹೊರಟ ತರುಣ ತರುಣಿಯರು ವಾಕ್ಯಗಳನ್ನು ಸ್ವತಃ ಬರೆಯಲಿ, ಕೇಳಿದವರಿಗೆ ಮಾತ್ರ ಕಳಿಸಲಿ, ಬೇಡವೆಂದ ಕೂಡಲೇ ನಿಲ್ಲಿಸಲಿ. ತೀವ್ರ ಸಂಕಟ ಹೇಳಿಕೊಂಡವರಿಗೆ ಸವಿನುಡಿಯ ಬದಲು, ಬೆಂಗಳೂರಿನ ನಿಮ್ಹಾನ್ಸ್‌ನ ಮಾರ್ಗದರ್ಶನದಲ್ಲಿ 2022ರಿಂದ ನಡೆಯುತ್ತಿರುವ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಯನ್ನು ತೋರಿಸುವಂತೆ ಬಾಟ್ ರೂಪಿಸುವುದನ್ನು ಯಾರೂ ಮರೆಯಬಾರದು.